ಬೇಸಗೆಯನ್ನು ನೆಲದಡಿಯಲ್ಲಿ ಕಳೆಯುವ ಕಪ್ಪೆ

ಭರಣಿ ಮಳೆ ಬಿರುಸಾಗಿ ಸುರಿದ ರಾತ್ರಿ, ಅದುವರೆಗೆ ಧೂಳು ತುಂಬಿದ್ದ ಬಯಲಿನಲ್ಲಿ ಕಪ್ಪೆಗಳ ಕೂಗು ಕೇಳಿಬರುತ್ತದೆ. ತಿಂಗಳುಗಟ್ಟಲೆ ಕಾಣದಿದ್ದ ಈ ಪ್ರಾಣಿಗಳು ಎಲ್ಲಿಂದ ಬಂದುವು? ಮಳೆಯೊಡನೆ ಆಕಾಶದಿಂದ ಬಿದ್ದುವೆಂದು ನಂಬುವವರುಂಟು. ವಾಸ್ತವವಾಗಿ ಅವು ಎದ್ದು ಬಂದುದು ನಮ್ಮ ಕಾಲಡಿಯ ಮಣ್ಣಿನಿಂದಲೇ.

ಕಪ್ಪೆಗೆ ಬೇಸಗೆಯು ಪ್ರಾಣಸಂಕಟದ ಕಾಲ. ಅದರ ತೆಳುವಾದ ಚರ್ಮಕ್ಕೆ ಹುರುಪೆಗಳ ರಕ್ಷಣೆಯಿಲ್ಲ. ಚರ್ಮದ ಮೂಲಕವೂ ಉಸಿರಾಡುವುದರಿಂದ ಅದು ಸದಾ ತೇವವಾಗಿರಬೇಕು. ತೇವವಾಗಿದ್ದಷ್ಟೂ ಮೈಯ ನೀರು ಆವಿಯಾಗಿ ಹೋಗುತ್ತದೆ. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಉಷ್ಣತೆಯು 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಅಂತಹ ಬಿಸಿಲಿಗೆ ಸಿಕ್ಕಿದ ಕಪ್ಪೆ ಬದುಕುವುದು ದುಸ್ಸಾಧ್ಯ.

ನಮ್ಮ ಸೀಮೆಯ ಬಿಲಗಪ್ಪೆಗಳು ಇದಕ್ಕೊಂದು ಉಪಾಯವನ್ನು ಕಂಡುಕೊಂಡಿವೆ. ಸ್ಫೀರೋಥೀಕಾ ಎಂಬ ಕುಲಕ್ಕೆ ಸೇರಿದ ಇವುಗಳ ಹಿಂಗಾಲಿನ ಅಡಿಯಲ್ಲಿ ಸಲಿಕೆಯಂತಹ ಗಟ್ಟಿ ಉಬ್ಬೊಂದಿದೆ. ಅದರಿಂದ ಮಣ್ಣನ್ನು ಬದಿಗೆ ತಳ್ಳುತ್ತ, ಕಪ್ಪೆಯು ಹಿಂದು ಹಿಂದಕ್ಕೆ ನೆಲದೊಳಗೆ ಇಳಿಯುತ್ತದೆ. ಮಣ್ಣು ಮೇಲೆ ಮುಚ್ಚಿಕೊಳ್ಳುತ್ತದೆ. ಹಗಲಿನ ಕಾವು ಒಂದೆರಡು ಅಡಿಗಳ ಆಳಕ್ಕೆ ಹೆಚ್ಚಾಗಿ ತಲಪುವುದಿಲ್ಲ. ಅಲ್ಲಿ ಕಪ್ಪೆಯು ಗ್ರೀಷ್ಮನಿದ್ರೆಯಲ್ಲಿ ಮುಳುಗುತ್ತದೆ. ಎದೆಬಡಿತವೂ ಉಸಿರಾಟವೂ ಮಂದವಾಗುತ್ತವೆ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಆಹಾರ. ಮೂತ್ರಕೋಶದಲ್ಲಿರುವ ನೀರನ್ನು ದೇಹವು ಮರಳಿ ಹೀರಿಕೊಳ್ಳುತ್ತದೆ. ಅಮೆರಿಕದ ಮರುಭೂಮಿಯ ಕೆಲವು ಬಿಲಗಪ್ಪೆಗಳಂತೂ ರಕ್ತದಲ್ಲಿ ಯೂರಿಯವನ್ನು ಹೆಚ್ಚಿಸಿಕೊಂಡು, ಸುತ್ತಲಿನ ಮಣ್ಣಿನ ಪಸೆಯನ್ನೇ ಚರ್ಮದಿಂದ ಸೆಳೆದುಕೊಳ್ಳುತ್ತವೆ.

ಮಳೆ ಬಿದ್ದೊಡನೆ ಕಪ್ಪೆಗಳು ಹೊರಬಂದು, ತಗ್ಗುಗಳಲ್ಲಿ ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತವೆ. ಹತ್ತಿರದಲ್ಲಿ ಕೆರೆಯಿದ್ದರೂ ಇಂತಹ ಹೊಂಡವೇ ಏಕೆ? ಬೇಗ ಬತ್ತುವ ಹೊಂಡದಲ್ಲಿ ಮೊಟ್ಟೆಗಳನ್ನು ತಿನ್ನುವ ಮೀನುಗಳಿರುವುದಿಲ್ಲ. ಆದರೆ ನೀರು ಇಂಗುವುದರೊಳಗೆ ಗೊದಮೊಟ್ಟೆಗಳು ಕಪ್ಪೆಗಳಾಗಲೇಬೇಕು.

ಇಂತಹ ಕಪ್ಪೆಗಳು ದೂರದ ಕಾಡಿನವಲ್ಲ. ಯಲಹಂಕದಾಚೆಯ ರಾಜಾನುಕುಂಟೆಯ ಬಳಿ ದೊರೆತ ಒಂದು ಬಿಲಗಪ್ಪೆಯು ಹೊಸ ಪ್ರಭೇದವೆಂದು 2020ರಲ್ಲಿ ಪ್ರಕಟವಾಯಿತು. ವಿಜ್ಞಾನಿಗಳು ಅದಕ್ಕೆ ಸ್ಫೀರೋಥೀಕಾ ಬೆಂಗಳೂರು ಎಂದು ಹೆಸರಿಟ್ಟರು. ನಗರದ ಅಂಚಿನ ನೆಲದಲ್ಲಿ ಹೆಸರಿಲ್ಲದೆ ಬಾಳುತ್ತಿದ್ದ ಜೀವಿಯದು!

ಈ ಉಪಾಯವೆಲ್ಲ ಫಲಿಸಬೇಕಾದರೆ ಅಗೆಯಲು ಸಡಿಲವಾದ ಮಣ್ಣು, ಮೊಟ್ಟೆಯಿಡಲು ಮಳೆನೀರು ನಿಲ್ಲುವ ತಗ್ಗು, ಇವೆರಡೂ ಬೇಕು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದ ಮೇಲೆ ಇಂದು ಎಲೆಕ್ಟ್ರಾನಿಕ್ ಸಿಟಿ ನಿಂತಿದೆ. ವೈಟ್‌ಫೀಲ್ಡ್, ಪೀಣ್ಯಗಳಲ್ಲೂ ಕಟ್ಟಡಗಳು ಹಬ್ಬಿವೆ. ಕಾಂಕ್ರೀಟ್ ಹಾಸಿದ ನೆಲವನ್ನು ಕಪ್ಪೆಯು ಅಗೆಯಲಾರದು. ಅದರ ಕೆಳಗೆ ಮಲಗಿದ್ದುದು ಮೇಲೇಳಲೂ ಆರದು. ಕಾಲೇಜಿನ ಅಥವಾ ಕಾರ್ಖಾನೆಯ ಆವರಣದ ಒಂದು ಮೂಲೆಯನ್ನು ಸಿಮೆಂಟಿಲ್ಲದೆ, ತಗ್ಗನ್ನು ಮುಚ್ಚದೆ ಉಳಿಸಿದರೆ, ಬರುವ ಮುಂಗಾರಿನಲ್ಲಿ ಅಲ್ಲಿ ಕಪ್ಪೆಗಳ ಕೂಗು ಕೇಳಿಬಂದೀತು.