ಗಾಜಿನ ಹಿಂದೆ ಸಂತ ಫ್ಲೋರಿಯನ್

ಕ್ರಿ.ಶ. 304ರಲ್ಲಿ, ಡಯೊಕ್ಲೀಷಿಯನ್ ಚಕ್ರವರ್ತಿ ಕ್ರೈಸ್ತರನ್ನು ಹಿಡಿಸಿ ಕೊಲ್ಲಿಸುತ್ತಿದ್ದ ಕಾಲದಲ್ಲಿ, ಫ್ಲೋರಿಯನ್ ಎಂಬ ರೋಮನ್ ಅಧಿಕಾರಿಯ ಕೊರಳಿಗೆ ಕಲ್ಲು ಕಟ್ಟಿ ಇಂದಿನ ಆಸ್ಟ್ರಿಯದ ಎನ್ಸ್ ನದಿಗೆ ನೂಕಿದರೆಂದು ಐತಿಹ್ಯ. ಹುತಾತ್ಮನನ್ನು ಅವನು ಅನುಭವಿಸಿದ ಹಿಂಸೆಯ ಗುರುತಿನೊಂದಿಗೆ ಚಿತ್ರಿಸುವುದು ಕ್ಯಾಥೊಲಿಕ್ ಕಲೆಯ ರೂಢಿ: ಸೆಬಾಸ್ಟಿಯನ್ ಮೈಯಲ್ಲಿ ಬಾಣ, ಲಾರೆನ್ಸ್ ಪಕ್ಕದಲ್ಲಿ ಅವನನ್ನು ಸುಟ್ಟ ಕಬ್ಬಿಣದ ಜಾಲರಿ. ಆದರೆ ಆಸ್ಟ್ರಿಯದ ಉತ್ತರ ಗಡಿಯ ಸಾಂಡ್ಲ್ ಹಳ್ಳಿಯಲ್ಲಿ 19ನೇ ಶತಮಾನದಲ್ಲಿ ಗಾಜಿನ ಹಿಂಬದಿಗೆ ಬರೆದ ಫ್ಲೋರಿಯನ್ ಚಿತ್ರಗಳಲ್ಲಿ ಬಹುಮಟ್ಟಿಗೆ ನದಿಯೂ ಇಲ್ಲ, ಕಲ್ಲೂ ಇಲ್ಲ. ಒಂದು ಕೈಯಲ್ಲಿ ಬಾವುಟ, ಇನ್ನೊಂದರಲ್ಲಿ ನೀರಿನ ಬಕೆಟ್ಟು. ಕಾಲಬುಡದಲ್ಲಿ ಉರಿಯುವ ಮನೆ. ಅವನನ್ನು ಕೊಂದ ನೀರೇ ಅವನ ಆಯುಧ. ಮರದ ಗೋಡೆ, ಮರದ ಮಾಡು, ಒಳಗೆ ಸದಾ ಉರಿಯುವ ಒಲೆ ಇದ್ದ ರೈತರ ಮನೆಗಳಿಗೆ ಬೇಕಿದ್ದುದು ಸಾಯುವ ಸಂತನಲ್ಲ, ಬೆಂಕಿ ಆರಿಸುವವನು. ಭಕ್ತರ ಅಗತ್ಯವೇ ಇಲ್ಲಿ ಸಂತಚರಿತ್ರೆಯನ್ನು ತಿದ್ದಿದೆ ಎಂಬುದು ನನ್ನ ವಾದ.

ಬಕೆಟ್ಟು ರೈತರ ಕಲ್ಪನೆಯಲ್ಲ, ಚರ್ಚಿನ ಶಿಲ್ಪಗಳಲ್ಲಿ ಶತಮಾನಗಳ ಹಿಂದೆಯೇ ಇತ್ತು ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಆದರೆ ಚರ್ಚು ಕಥೆಯ ಉಳಿದ ಭಾಗವನ್ನು ಬಿಟ್ಟುಕೊಟ್ಟಿರಲಿಲ್ಲ. ಆಲ್ಟ್‌ಡಾರ್ಫರ್ ಎಂಬ ಚಿತ್ರಕಾರ 16ನೇ ಶತಮಾನದ ಆರಂಭದಲ್ಲಿ ಬರೆದ ಫ್ಲೋರಿಯನ್ ಚಿತ್ರಮಾಲೆಯಲ್ಲಿ ಬಂಧನ, ಹೊಡೆತ, ಸೇತುವೆಯ ಮೇಲಿನ ಕಡೆಯ ಗಳಿಗೆ ಎಲ್ಲವೂ ಇವೆ. ಅಷ್ಟೆಲ್ಲದರ ನಡುವೆ ಬೆಂಕಿ ಆರಿಸುವ ರೂಪವೊಂದನ್ನು ಮಾತ್ರ ಆರಿಸಿಕೊಂಡು ದೇವರ ಮೂಲೆಯಲ್ಲಿ ತೂಗುಹಾಕಿದವರು ಮನೆಯವರು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಇವು ನಕಲುಗಳು. ಮಾದರಿ ಹಾಳೆಯನ್ನು ಗಾಜಿನ ಕೆಳಗಿಟ್ಟು ಗೆರೆ ಎಳೆಯುತ್ತಿದ್ದರು. ಮನೆಮಂದಿಯೆಲ್ಲ ಕೂಡಿ ರಾಶಿರಾಶಿ ಬರೆದು, ಬೆನ್ನ ಮೇಲೆ ಹೊತ್ತು ಮಾರುವವರಿಗೆ ಒಪ್ಪಿಸುತ್ತಿದ್ದರು. ಇದರಲ್ಲಿ ಕಲೆ ಎಲ್ಲಿ? ಮೊದಲು ಕೈಕೆಲಸದ ಮಾತು. ಇಲ್ಲಿ ಕೆಲಸ ತಿರುವುಮುರುವು: ಕಣ್ಣಿನ ಗೆರೆ ಮೊದಲು, ಕೆನ್ನೆಯ ಬಣ್ಣ ಆಮೇಲೆ, ಹಿನ್ನೆಲೆ ಕೊನೆಗೆ. ಮೊದಲ ಗೆರೆ ತಪ್ಪಿದರೆ ಮೇಲೆ ಬಳಿದು ಮುಚ್ಚುವ ಹಾಗಿಲ್ಲ, ಏಕೆಂದರೆ ನೋಡುವವರಿಗೆ ಕಾಣುವುದು ಅದೇ. ಮೈಸೂರು, ತಂಜಾವೂರಿನ ಗಾಜಿನ ಚಿತ್ರಗಳನ್ನು ಬಲ್ಲವರಿಗೆ ಈ ಕಷ್ಟ ಗೊತ್ತು. ಇನ್ನು ನಕಲು: ಮಾರಾಟವಾಗದ ಮಾದರಿಯನ್ನು ಯಾರೂ ಮತ್ತೆ ಮತ್ತೆ ಎಳೆಯುವುದಿಲ್ಲ. ಹೀಗಾಗಿ ಉಳಿದುಕೊಂಡ ಪ್ರತಿ ಮಾದರಿಯ ಹಿಂದೆ ಕೊಂಡವರ ತೀರ್ಮಾನವೂ ಇದೆ. ಕಾಂಡಿನ್‌ಸ್ಕಿ ಮತ್ತು ಮುಂಟರ್ ಎಂಬ ಆಧುನಿಕ ಚಿತ್ರಕಾರರು ಬವೇರಿಯದ ಮುರ್ನೌನಲ್ಲಿ ಇಂಥ ಚಿತ್ರಗಳನ್ನು ಸಂಗ್ರಹಿಸಿದರು. ಅವರ ಬಳಗದ 1912ರ ‘ಬ್ಲೂ ರೈಡರ್’ ಸಂಕಲನದಲ್ಲಿ ಬವೇರಿಯದ ಗಾಜಿನ ಚಿತ್ರಗಳು ಅಚ್ಚಾದವು. ಆಧುನಿಕರು ಮೆಚ್ಚಿದ್ದು ಮುಗ್ಧತೆಯನ್ನು. ನನಗೇನೋ ಇದು ಮುಗ್ಧರ ಕಲೆ ಎನಿಸುವುದಿಲ್ಲ. ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಟ್ಟ ಲೆಕ್ಕಾಚಾರಸ್ಥರದು. ಅಗ್ಗದ ಅಚ್ಚುಚಿತ್ರಗಳು ಬಂದಾಗ ಅದೇ ಲೆಕ್ಕಾಚಾರದಿಂದ ಅವರು ಗಾಜನ್ನೂ ಬಿಟ್ಟರು. ಸಾಂಡ್ಲ್‌ನಲ್ಲಿ ಈಗ ಈ ಚಿತ್ರಗಳಿಗೆಂದೇ ಒಂದು ಮ್ಯೂಸಿಯಂ ಇದೆ.