ಹಸುವಿಗೆ ಕರು, ಕುರಿಗೆ ಮರಿ: ದೆಹಲಿಯ ಕನ್ನಡ ಕಂದಮ್ಮಗಳಿಗೆ ಎಂಥ ಚಿತ್ರಪುಸ್ತಕ ಬೇಕು?

ನವದೆಹಲಿ: ನೊಯ್ಡಾ, ಗುರುಗ್ರಾಮದ ಅಪಾರ್ಟ್‌ಮೆಂಟ್‌ಗಳಲ್ಲಿ ಬೆಳೆಯುವ ಎಷ್ಟೋ ಕನ್ನಡದ ಮಕ್ಕಳಿಗೆ ಡೇ ಕೇರ್‌ನಲ್ಲಿ ಹಿಂದಿ, ಪ್ಲೇ ಸ್ಕೂಲ್‌ನಲ್ಲಿ ಇಂಗ್ಲಿಷ್. ಕನ್ನಡ ಕಿವಿಗೆ ಬೀಳುವುದು ಅಪ್ಪ-ಅಮ್ಮ ಆಫೀಸ್ ಮುಗಿಸಿ ಬಂದ ಮೇಲಿನ ಒಂದೆರಡು ಗಂಟೆ ಮಾತ್ರ. ಆ ಹೊತ್ತಿನಲ್ಲಿ ಸಾಕುಪ್ರಾಣಿ ಮತ್ತು ಅವುಗಳ ಮರಿಗಳ ಒಂದು ಚಿತ್ರಪುಸ್ತಕ ಸಾಕಷ್ಟು ಕೆಲಸ ಮಾಡುತ್ತದೆ. ಆದರೆ ಆಯ್ಕೆಯಲ್ಲಿ ಸ್ವಲ್ಪ ಎಚ್ಚರ ಬೇಕು.

ಎಮ್ಮೆ ಎಲ್ಲಿ?

ಅಂಗಡಿಯಲ್ಲಿ ಸಿಗುವ ಹೆಚ್ಚಿನ ಬೋರ್ಡ್ ಪುಸ್ತಕಗಳು ವಿದೇಶಿ ಮಾದರಿಯವು. ಕೆಂಪು ಕೊಟ್ಟಿಗೆ, ಕಪ್ಪು-ಬಿಳುಪಿನ ಹಸು, ಗುಲಾಬಿ ಹಂದಿ. ಎಮ್ಮೆ ಇರುವುದೇ ಇಲ್ಲ. ಹೆಸರಾಂತ ಮುರ್ರಾ ಎಮ್ಮೆಯ ತವರು ಹರಿಯಾಣದ ರೋಹ್ತಕ್, ಜಿಂದ್ ಜಿಲ್ಲೆಗಳು. ಎರಡೂ ಎನ್‌ಸಿಆರ್ ವ್ಯಾಪ್ತಿಯಲ್ಲೇ ಇವೆ. ಮಗು ಕಾರಿನ ಕಿಟಕಿಯಿಂದ ಕಾಣುವ ಪ್ರಾಣಿ ಪುಸ್ತಕದಲ್ಲಿ ಇಲ್ಲವೆಂದರೆ, ಪುಟದ ಪದವನ್ನು ರಸ್ತೆಯಲ್ಲಿ ಮತ್ತೆ ಹೇಳುವ ಅವಕಾಶವೇ ಕೈತಪ್ಪುತ್ತದೆ.

ಇಂಗ್ಲಿಷ್ ಪುಸ್ತಕ ಓದಿ ಕನ್ನಡದಲ್ಲಿ ಹೇಳಿದರೆ ಸಾಲದೇ? ಇಲ್ಲೊಂದು ತೊಡಕಿದೆ. ಲ್ಯಾಂಬ್, ಕಿಡ್, ಫೋಲ್, ಚಿಕ್, ಪಿಗ್ಲೆಟ್ ಎಂದು ಇಂಗ್ಲಿಷ್‌ನಲ್ಲಿ ಒಂದೊಂದಕ್ಕೂ ಒಂದೊಂದು ಹೆಸರು; ಪುಸ್ತಕದ ಮಜಾ ಇರುವುದೇ ಅದರಲ್ಲಿ. ಕನ್ನಡಕ್ಕೆ ತಂದರೆ ಕುರಿಮರಿ, ಮೇಕೆಮರಿ, ಕುದುರೆಮರಿ, ಕೋಳಿಮರಿ, ಹಂದಿಮರಿ! ಹಸು, ಎಮ್ಮೆಗೆ ಮಾತ್ರ ಕರು. ಓದುವವರಿಗೆ ಇದು ಬೇಸರ, ಮಗುವಿಗೆ ಮಾತ್ರ ಲಾಭ. 'ಮರಿ' ಎಂಬ ಒಂದು ಪದ ಕಲಿತರೆ ಆನೆಮರಿಯನ್ನು ತಾನೇ ಕಟ್ಟಿಕೊಳ್ಳಬಹುದು. ಹಾಗಂತ ಕನ್ನಡಕ್ಕೆ ಪದಗಳ ಬಡತನವೇನಿಲ್ಲ. ಹೋರಿಗರು, ಕಡಸು, ಮಣಕ, ಈಗಷ್ಟೇ ಮೊಟ್ಟೆಯೊಡೆದು ಬಂದ ಹೂಮರಿ... ಇವೆಲ್ಲ ಹಳ್ಳಿಯ ಅಜ್ಜಿಯ ಬಾಯಲ್ಲಿವೆ, ಪುಸ್ತಕದಲ್ಲಿಲ್ಲ. ಒಂದೇ ಪುಸ್ತಕದ ಎರಡು ಪ್ರತಿ ಕೊಂಡು ಒಂದನ್ನು ಊರಿಗೆ ಕಳಿಸಿ, ವಿಡಿಯೊ ಕಾಲ್‌ನಲ್ಲಿ ಅಜ್ಜಿಯಿಂದಲೇ ಓದಿಸಿ ನೋಡಿ. ಹಸು 'ಮೂ' ಅನ್ನುವ ಬದಲು 'ಅಂಬಾ' ಅನ್ನುವುದೂ ಆಗ ಗೊತ್ತಾಗುತ್ತದೆ.

ಪಾಪ್-ಅಪ್ ಪುಸ್ತಕ ಬೇಕೇ?

ದುಬಾರಿ ಪಾಪ್-ಅಪ್ ಪುಸ್ತಕಗಳಿಗೆ ಹಣ ಸುರಿಯುವ ಮೊದಲು ಇದನ್ನು ಗಮನಿಸಿ. ಅಮೆರಿಕದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18ರಿಂದ 22 ತಿಂಗಳ ಮಕ್ಕಳಿಗೆ ಪ್ರಾಣಿಗಳ ಪುಸ್ತಕ ತೋರಿಸಲಾಗಿತ್ತು. ಎಳೆಯುವ, ತೆರೆಯುವ ಪುಟಗಳ ಪುಸ್ತಕಕ್ಕಿಂತ ಸರಳ, ನೈಜ ಫೋಟೊಗಳ ಪುಸ್ತಕದಿಂದಲೇ ಮಕ್ಕಳು ಹೆಸರು ಚೆನ್ನಾಗಿ ಕಲಿತರು. ಕೈಯಾಟದ ಕಡೆಗೆ ಗಮನ ಹೋದರೆ ಮಾತಿನ ಕಡೆಗೆ ಉಳಿಯುವುದು ಕಡಿಮೆ.

ಫೋನ್‌ನಲ್ಲಿ ಪ್ರಾಣಿಗಳ ವಿಡಿಯೊ? ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಪ್ರಕಾರ ಒಂದು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ. ಎರಡು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು.

ಎಲ್ಲಿ ಸಿಗುತ್ತವೆ?

1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್‌ನ ಕೇಂದ್ರ ಕಚೇರಿ ವಸಂತ ಕುಂಜ್‌ನಲ್ಲಿದ್ದು, ಸಂಸ್ಥೆ ಕನ್ನಡದಲ್ಲೂ ಮಕ್ಕಳ ಪುಸ್ತಕ ಪ್ರಕಟಿಸುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತ. ಡೌನ್‌ಲೋಡ್ ಮಾಡಿ, ದಪ್ಪ ಕಾಗದದಲ್ಲಿ ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿಸಿಕೊಳ್ಳಿ. ಈ ವಯಸ್ಸಿನವರು ಪುಸ್ತಕವನ್ನು ನೋಡುವುದಕ್ಕಿಂತ ಕಚ್ಚುವುದೇ ಹೆಚ್ಚು.