ಕ್ಯಾಪ್ಟನ್‌ಗೂ ಸಾವಿರದೆಂಟುನೂರು

ನಮ್ಮಕ್ಕನ ಮಗ ವಿಮಾನ ಓಡಿಸುತ್ತಾನೆ. ದೀಪಾವಳಿಗೆ ಚನ್ನಪಟ್ಟಣದ ನಮ್ಮ ಮನೆಗೆ ಬಂದವನು ಫೋನಿನಲ್ಲಿ ಸಂಬಳದ ಚೀಟಿ ತೋರಿಸಿದ. ಮೇಲಿನ ಅಂಕಿಯನ್ನು ಇಲ್ಲಿ ಬರೆದರೆ ಅಕ್ಕ ಅವನಿಗೆ ದೃಷ್ಟಿ ತೆಗೆಯಬೇಕಾಗುತ್ತದೆ, ಬೇಡ. ನನ್ನ ಕಣ್ಣು ಹೋಗಿ ನಿಂತದ್ದು ಕೆಳಗಿನ ಒಂದು ಸಾಲಿನ ಮೇಲೆ. ಪಿಎಫ್: 1,800.

ಬಿಡದಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತನಾಲ್ಕು ವರ್ಷ ಸಂಬಳದ ಲೆಕ್ಕ ಬರೆದವನು ನಾನು. ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ ಹುಡುಗರಿಗೂ ಕೊನೆಕೊನೆಗೆ ನಾನು ಹಿಡಿಯುತ್ತಿದ್ದದ್ದು ಇದೇ 1,800.

"ಅಲ್ಲ ಮಾವ, ಫೋರ್ಕ್‌ಲಿಫ್ಟಿಗೂ ಏರ್‌ಬಸ್ಸಿಗೂ ಒಂದೇ ಪೆನ್ಷನ್ನಾ?" ಅಂದ.

"ಹೆಚ್ಚೂಕಡಿಮೆ ಒಂದೇ ಕಣಪ್ಪ" ಅಂದೆ. ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ.

ಲೆಕ್ಕ ಹೀಗಿದೆ. ಖಾಸಗಿ ನೌಕರರ ಪಿಂಚಣಿ ಯೋಜನೆ ಶುರುವಾದದ್ದು 1995ರ ನವೆಂಬರ್ 16ರಂದು. ನಮ್ಮ ಸಂಬಳದಿಂದ ಶೇ 12 ಹಿಡಿದು ಪಿಎಫ್‌ಗೆ ಹಾಕುತ್ತಾರೆ. ಕಂಪನಿಯೂ ಶೇ 12 ಹಾಕಬೇಕು, ಆದರೆ ಅದರಲ್ಲಿ ಶೇ 8.33 ಪಿಂಚಣಿ ನಿಧಿಗೆ ಹೋಗುತ್ತದೆ. ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದಕ್ಕೆ ಒಂದು ಮಿತಿಯಿದೆ. ಮೊದಲು 5,000, 2001ರಿಂದ 6,500, 2014ರ ಸೆಪ್ಟೆಂಬರ್ 1ರಿಂದ 15,000. ಹದಿನೈದು ಸಾವಿರದ ಶೇ 12 ಅಂದರೆ 1,800. ಕಂಪನಿ ಅಷ್ಟೇ ಕಟ್ಟಿ ಕೈ ತೊಳೆದುಕೊಂಡರೂ ಕಾನೂನು ತಪ್ಪು ಅನ್ನುವುದಿಲ್ಲ. ಕಂಪನಿ ಹಾಕುವ 1,800ರಲ್ಲಿ 1,250 ಪಿಂಚಣಿಗೆ, ಉಳಿದ 550 ಪಿಎಫ್‌ಗೆ.

ಪಿಂಚಣಿ ಲೆಕ್ಕ ಅದಕ್ಕಿಂತ ಸುಲಭ: ಸಂಬಳವನ್ನು ಸರ್ವಿಸಿನ ವರ್ಷದಿಂದ ಗುಣಿಸಿ 70ರಿಂದ ಭಾಗಿಸಬೇಕು. 2014ಕ್ಕೆ ಮುಂಚಿನ ವರ್ಷಗಳಿಗೆ 6,500ರ ಲೆಕ್ಕ, ಆಮೇಲಿನದಕ್ಕೆ 15,000ದ ಲೆಕ್ಕ. ಇಪ್ಪತ್ತು ವರ್ಷ ದಾಟಿದ್ದರೆ ಎರಡು ವರ್ಷ ಇನಾಮು. ನನ್ನ ಇಪ್ಪತ್ತನಾಲ್ಕು ವರ್ಷಕ್ಕೆ ಬರುವುದು ತಿಂಗಳಿಗೆ 3,200ರ ಆಸುಪಾಸು. ಬಿಪಿ ಮಾತ್ರೆ, ಕರೆಂಟ್ ಬಿಲ್ಲು, ಒಂದು ಗ್ಯಾಸ್ ಸಿಲಿಂಡರ್ ಕಳೆದರೆ ಉಳಿದದ್ದು ಮೊಮ್ಮಗಳ ಐಸ್‌ಕ್ರೀಮಿಗೆ. ಇದಕ್ಕೆ ತುಟ್ಟಿಭತ್ಯೆ ಇಲ್ಲ. ಮೊದಲ ತಿಂಗಳು ಬಂದಷ್ಟೇ ಕೊನೆಯ ತಿಂಗಳೂ. ನಮ್ಮ ಹುಡುಗ 2010ರಲ್ಲಿ ಸೇರಿದವನು. ಒಂದು ತಿಂಗಳೂ ತಪ್ಪದೆ 58ರ ತನಕ ಹಾರಿದರೂ, ಈಗಿನ ಮಿತಿಯೇ ಉಳಿದರೆ, ಏಳು ಸಾವಿರದ ಹತ್ತಿರ ಹತ್ತಿರ. ಅವನ ಜೊತೆ ಕೂರುವ ಕೊ-ಪೈಲಟ್‌ಗಳಲ್ಲಿ ಬಹಳ ಜನಕ್ಕೆ ಇದೂ ಇಲ್ಲ. 2014ರ ಆ ತಾರೀಕಿನ ನಂತರ ಹದಿನೈದು ಸಾವಿರಕ್ಕಿಂತ ಹೆಚ್ಚಿನ ಸಂಬಳಕ್ಕೆ ಮೊದಲ ಸಲ ಕೆಲಸಕ್ಕೆ ಸೇರಿದವರನ್ನು ಪಿಂಚಣಿ ಯೋಜನೆಗೆ ಸೇರಿಸುವುದೇ ಇಲ್ಲ. ಅವರಿಗೆ ಪಿಎಫ್ ಗಂಟೊಂದೇ.

ಹಾರುವ ಕೆಲಸವೂ ಎಂಥದ್ದು? ವಯಸ್ಸಾದಂತೆ ಆರು ತಿಂಗಳಿಗೊಮ್ಮೆ ವೈದ್ಯಕೀಯ ಪರೀಕ್ಷೆ. ಕಿವಿಯೋ ಹೃದಯವೋ ಸ್ವಲ್ಪ ಮೊಂಡು ಹೂಡಿದರೆ ಲೈಸೆನ್ಸ್ ಪೆಟ್ಟಿಗೆಯೊಳಗೆ. ಬಸ್ ಓಡಿಸುವವರಾದರೆ ಡಿಪೋದಲ್ಲಿ ಕೂತಾದರೂ ಕಾಲ ಹಾಕಬಹುದು.

ಅಕ್ಕ ಸಾತನೂರು ಕಡೆಯವಳು. ಮಗನ ಟ್ರೈನಿಂಗಿಗೆ ಎರಡು ಎಕರೆ ಹಿಪ್ಪುನೇರಳೆ ತೋಟ ಮಾರಿದಳು. ಉಳಿದ ತುಂಡಿನಲ್ಲಿ ಇಂದಿಗೂ ರೇಷ್ಮೆ ಹುಳು ಮೇಯಿಸುತ್ತಾಳೆ. ಹುಡುಗ ಮೊದಲು ಸೇರಿದ ಕಂಪನಿ, ಹೆಸರು ಬೇಡ, ಒಂದು ದಿನ ನೆಲಕ್ಕಿಳಿದದ್ದು ಮತ್ತೆ ಏಳಲಿಲ್ಲ. ಮೂರು ತಿಂಗಳ ಸಂಬಳ ಅಲ್ಲೇ ನಿಂತಿತು. ಗ್ರಾಚ್ಯುಟಿ ವಿಚಾರ ಕೇಳೋಣ ಅಂದರೆ ಫೋನ್ ಎತ್ತುವವರಿಲ್ಲ. ಆಗ ಅಕ್ಕ ಕೇಳಿದ ಮಾತು ನಮ್ಮ ಮನೆಯಲ್ಲಿ ಈಗಲೂ ಓಡಾಡುತ್ತದೆ: "ನನ್ ಗೂಡಿನ ದುಡ್ಡು ಬಂದು ಬಿತ್ತದೆ. ನಿನ್ ಏರೋಪ್ಲೇನ್ ದುಡ್ಡು ಯಾವಾಗ್ ಬತ್ತದೋ?"

ಅವಳು ತಮಾಷೆಗೆ ಅಂದದ್ದು, ಆದರೆ ಪಿಂಚಣಿಯ ಗುಟ್ಟೆಲ್ಲ ಅದರಲ್ಲೇ ಇದೆ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ, ಗೂಡು ಕೊಂಡು ನೂಲು ತೆಗೆಯುವ ರೀಲರ್ ಹರಾಜು ಕೂಗುವ ಮೊದಲೇ ತನ್ನ ಖಾತೆಗೆ ಹಣ ತುಂಬಿರಬೇಕು. ಗೂಡು ಅವನ ಕೈಗೆ ಹೋಗುವ ಹೊತ್ತಿಗೆ ದುಡ್ಡು ಅವನ ಕೈಯಲ್ಲಿರುವುದಿಲ್ಲ. ನಾಳೆ ಅವನ ಫಿಲೇಚರ್ ಮುಚ್ಚಿದರೂ ಅಕ್ಕನಿಗೆ ನಷ್ಟವಿಲ್ಲ. ಪಿಎಫ್ ಕೂಡ ಹೀಗೆ: ತಿಂಗಳು ತಿಂಗಳು ಕಂಪನಿಯಿಂದ ಆಚೆ ಹೋಗುವ ಹಣ. ಗ್ರಾಚ್ಯುಟಿ ಹಾಗಲ್ಲ. ಕಾನೂನಿನ ಪ್ರಕಾರ ಒಂದೇ ಕಡೆ ಐದು ವರ್ಷ ದುಡಿದವರಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಕೊಡಬೇಕು, ಸರಿ. ಆದರೆ ಎಷ್ಟೋ ಕಂಪನಿಗಳಲ್ಲಿ ಅದು ಬರೀ ಬಾಯಿಮಾತಿನ ಬಾಕಿ. ಎಲ್‌ಐಸಿಯಲ್ಲೋ ಟ್ರಸ್ಟಿನಲ್ಲೋ ಬೇರೆ ಇಟ್ಟಿದ್ದರೆ ಉಂಟು, ಇಲ್ಲದಿದ್ದರೆ ಯಜಮಾನನ ಜೇಬು ಗಟ್ಟಿಯಿರುವ ತನಕ.

ಬೆಂಗಳೂರಿನ ಕಿಂಗ್‌ಫಿಷರ್ 2005ರ ಮೇ ತಿಂಗಳಲ್ಲಿ ಹಾರಲು ಶುರುಮಾಡಿ, ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ ಏರ್ ಡೆಕ್ಕನನ್ನೂ ಒಳಗೆ ಹಾಕಿಕೊಂಡು, 2012ರ ಅಕ್ಟೋಬರಿನಲ್ಲಿ ನಿಂತುಹೋಯಿತು. ನೌಕರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಬೀದಿಗಿಳಿದದ್ದನ್ನು ಟಿವಿಯಲ್ಲಿ ನಾವೆಲ್ಲ ನೋಡಿದ್ದೇವೆ. ಆಗ ಈಗಿನ ದಿವಾಳಿ ಕಾನೂನು ಇರಲಿಲ್ಲ, ಅದು ಬಂದದ್ದು 2016ರಲ್ಲಿ. ಕಂಪನಿಯನ್ನು ಮಾರಿ ಹಂಚುವಾಗ ಪಿಎಫ್, ಪಿಂಚಣಿ, ಗ್ರಾಚ್ಯುಟಿ ನಿಧಿಗಳಿಗೆ ಸಾಲ ಕೊಟ್ಟವರು ಕೈ ಹಾಕುವಂತಿಲ್ಲ ಎಂದು ಅದರಲ್ಲಿದೆ. ಒಳ್ಳೆಯದೇ. ಆದರೆ ನಿಧಿಯನ್ನೇ ಕಟ್ಟಿರದಿದ್ದರೆ ಕೈ ಹಾಕದೆ ಬಿಡಲು ಅಲ್ಲಿ ಏನಿರುತ್ತದೆ? ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕೆ ನಿಂತಿತು. ಅದನ್ನು ಕೊಳ್ಳಲು ಬಂದವರು ನೌಕರರ ಪಿಎಫ್, ಗ್ರಾಚ್ಯುಟಿ ಬಾಕಿಯನ್ನೂ ಕೊಡಬೇಕು ಎಂದು 2022ರ ಅಕ್ಟೋಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಹೇಳಿತು, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಬದಲಿಸಲಿಲ್ಲ. ಕೊನೆಗೆ ಆ ಖರೀದಿಯೇ ಮುಗ್ಗರಿಸಿತು; 2024ರ ನವೆಂಬರ್ 7ರಂದು ಅದೇ ಕೋರ್ಟು ಕಂಪನಿಯನ್ನು ಮಾರಿ ಮುಗಿಸಿ ಎಂದಿತು.

"ಅಮೆರಿಕದಲ್ಲಿ ಪೈಲಟ್‌ಗಳಿಗೆ ಕಂಪನಿಯದೇ ಪೆನ್ಷನ್ ಇತ್ತಂತೆ ಮಾವ" ಅಂದ ಹುಡುಗ, ಅಲ್ಲಿ ಏನೋ ಸ್ವರ್ಗವಿದ್ದ ಹಾಗೆ. ಇತ್ತು, ನಿಜ. ಅಲ್ಲಿ 1963ರಲ್ಲಿ ಸ್ಟುಡೆಬೇಕರ್ ಎಂಬ ಕಾರು ಕಾರ್ಖಾನೆ ಮುಚ್ಚಿ ಸಾವಿರಾರು ಕೆಲಸಗಾರರ ಪಿಂಚಣಿ ಮಣ್ಣುಪಾಲಾಯಿತು. ಅದೇ ನೋವಿನಲ್ಲಿ 1974ರಲ್ಲಿ ಕಾನೂನು ಮಾಡಿ, ಕಂಪನಿ ಕೈಯೆತ್ತಿದರೆ ಪಿಂಚಣಿ ಕೊಡುವ ಒಂದು ಸರ್ಕಾರಿ ನಿಗಮ ಕಟ್ಟಿದರು. 2005ರಲ್ಲಿ ಯುನೈಟೆಡ್ ಏರ್‌ಲೈನ್ಸ್ ದಿವಾಳಿ ಕೋರ್ಟಿನ ಮೂಲಕ ತನ್ನ ನೌಕರರ ಪಿಂಚಣಿಯನ್ನೆಲ್ಲ ಈ ನಿಗಮದ ತಲೆಗೆ ಕಟ್ಟಿತು. ನಿಗಮ ಕೊಡುವುದಕ್ಕೂ ಮಿತಿಯುಂಟು: ಆ ವರ್ಷ 65ಕ್ಕೆ ನಿವೃತ್ತರಾದವರಿಗೆ ಹೆಚ್ಚೆಂದರೆ ವರ್ಷಕ್ಕೆ ಸುಮಾರು 45,600 ಡಾಲರ್. ಪೈಲಟ್‌ಗಳಿಗೆ ಆಗ ಅಲ್ಲಿನ ಕಾನೂನು 60ಕ್ಕೇ ಹಾರಾಟ ಬಿಡಿಸುತ್ತಿತ್ತು. ನಿಗಮವೋ, 60ಕ್ಕೇ ಬಂದಿರಲ್ಲ ಎಂದು ಇನ್ನಷ್ಟು ಕತ್ತರಿಸುತ್ತಿತ್ತು. ಒಂದು ಸರ್ಕಾರಿ ಕೈ ಎಬ್ಬಿಸಿ ಕಳಿಸುತ್ತದೆ, ಇನ್ನೊಂದು ಯಾಕೆ ಬೇಗ ಎದ್ದೆ ಅನ್ನುತ್ತದೆ. ನಮ್ಮ ಕಚೇರಿಗಳನ್ನು ಕಂಡವರಿಗೆ ಇದು ಹೊಸದಲ್ಲ.

ಅವರದು ದೊಡ್ಡ ಮಾತು, ತುಂಬದ ಪೆಟ್ಟಿಗೆ. ನಮ್ಮದು ಭದ್ರವಾದ ಪೆಟ್ಟಿಗೆ, ಒಳಗೆ ಚಿಲ್ಲರೆ. ಎರಡರಲ್ಲಿ ಯಾವುದು ಬೇಕು ಎಂದು ಕೇಳಿದರೆ ನಾನು ನಮ್ಮದನ್ನೇ ಹೇಳುತ್ತೇನೆ, ಆದರೆ ಆ ಚಿಲ್ಲರೆಯನ್ನು ಪಿಂಚಣಿ ಎಂದು ನಂಬಿ ಕೂರಬಾರದು ಎಂದೂ ಹುಡುಗನಿಗೆ ಹೇಳಿದೆ. ಪಿಎಫ್‌ಗೆ 1,800ಕ್ಕಿಂತ ಹೆಚ್ಚು ಹಿಡಿಯಿರಿ ಎಂದು ಕಂಪನಿಯನ್ನು ಕೇಳಬಹುದು, ತನ್ನ ಪಾಲನ್ನಾದರೂ ಏರಿಸಿಕೊಳ್ಳಬಹುದು. ರಾಷ್ಟ್ರೀಯ ಪಿಂಚಣಿ ಯೋಜನೆಯೂ ಇದೆ. ಇನ್ನೊಂದು ಮಾತು: ಕಂಪನಿ ಪಿಎಫ್ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. 16ರ ನಂತರ ಒಮ್ಮೆ ಪಾಸ್‌ಬುಕ್ ನೋಡುವ ಅಭ್ಯಾಸವಿರಲಿ. ಮುಳುಗುವ ಕಂಪನಿ ಸಂಬಳ ನಿಲ್ಲಿಸುವ ಮೊದಲು ಸದ್ದಿಲ್ಲದೆ ನಿಲ್ಲಿಸುವುದು ಇದನ್ನೇ.

ಹಾಗೆ ನೋಡಲು ಹೋಗಿಯೇ ಸಿಕ್ಕಿದ್ದು, ಹಳೆಯ ಕಂಪನಿಯ ಸಾಲಿನಲ್ಲಿ ನೌಕರಿ ಬಿಟ್ಟ ದಿನಾಂಕ ಖಾಲಿ. ತುಂಬಬೇಕಾದ ಕಂಪನಿಯಲ್ಲಿ ಮನುಷ್ಯರೇ ಇಲ್ಲ. ಅದು ಖಾಲಿಯಿದ್ದರೆ ಆ ವರ್ಷಗಳು ಹೊಸ ಖಾತೆಗೆ ಸೇರುವುದಿಲ್ಲ. ಸೇರದಿದ್ದರೆ ಪಿಂಚಣಿಗೆ ಬೇಕಾದ ಹತ್ತು ವರ್ಷದ ಲೆಕ್ಕ ಮತ್ತೆ ಒಂದರಿಂದ. ಕೊನೆಯ ಕಂತು ಬಿದ್ದು ಎರಡು ತಿಂಗಳಾಗಿದ್ದರೆ ನೌಕರನೇ ತುಂಬಬಹುದು. ತುಂಬು ಅಂದೆ.

ಹುಡುಗ ಫೋನ್ ಹಿಡಿದು ಸುಮ್ಮನೆ ಕೂತ. "ನಾನು ಬಿಡಲೇ ಇಲ್ಲ ಮಾವ. ನಾಳೆ ಡ್ಯೂಟಿ ಇಲ್ಲ ಅಂತ ಮೆಸೇಜ್ ಬಂತು, ಅಷ್ಟೇ. ಯಾವ ತಾರೀಕು ಹಾಕಲಿ?"

ಕೊನೆಯ ಕಂತು ಬಿದ್ದ ತಿಂಗಳ ಯಾವ ದಿನವಾದರೂ ನಡೆಯುತ್ತದೆ ಅಂದೆ. ಅವನು ಲಾಗ್‌ಬುಕ್ ಫೋಟೊಗಳನ್ನು ತಿರುವಿ, ಆ ತಿಂಗಳು ತಾನು ಕೊನೆಯ ಸಲ ಹಾರಿದ ದಿನ ಹುಡುಕಿ, ಅದನ್ನೇ ಹಾಕಿದ. ಒಟಿಪಿ ಬರಲು ಸ್ವಲ್ಪ ಹೊತ್ತು ಹಿಡಿಯಿತು.